ಸುಬೇದಾರರ ಕಿಲ್ಟು

ಲಂಡನ್ನಿನ ಹ್ಯಾರೋ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತಿದ್ದ ವಿಶಾಲಾಕ್ಷಿಗೆ ಮುಂದಿನ ಸೀಟಿನಿಂದ ಉಡುಪಿ ಕಡೆಯ ಕನ್ನಡ ಕೇಳಿಸಿತು. ಅವಳು ಫೋನು ನೋಡುವವಳಂತೆ ತಲೆ ತಗ್ಗಿಸಿ ಕಿವಿಯನ್ನು ಮಾತ್ರ ಅತ್ತ ಕೊಟ್ಟಳು. ದಪ್ಪ ಮೀಸೆಯ ಹಿರಿಯರೊಬ್ಬರು ಹೆಂಡತಿಗೆ ಬಣ್ಣಬಣ್ಣದ ಚೌಕುಳಿಯ ಚಿತ್ರವೊಂದನ್ನು ತೋರಿಸುತ್ತಿದ್ದರು.

“ಮಗನ ಮದುವೆಗೆ ಸ್ಕಾಟ್ಲೆಂಡಿನ ಬೀಗರೆಲ್ಲ ಅವರವರ ಮನೆತನದ ಚೌಕುಳಿಯ ಕಿಲ್ಟ್, ಅದೇ ಅಲ್ಲಿಯ ಗಂಡಸರ ಲಂಗ, ಉಡ್ತಾರೆ. ನಂದು ನಮ್ಮ ಪಲ್ಟನ್ನಿನ ನೆನಪಿಗೆ. ನಾನೇ ಡಿಸೈನ್ ಮಾಡಿದ್ದು.”

“ಹಸಿರು ಮಿಲಿಟರಿದು, ಗೊತ್ತಾಯ್ತು. ಈ ಬಿಳಿ ಎಂತಕ್ಕೆ?”

“ಸಿಯಾಚಿನ್ ಹಿಮ.”

“ಸಾಂಬಾರು ಚೆಲ್ಲಿಕೊಂಡ್ರೆ ಕಲೆ ಹೋಗುದಿಲ್ಲ. ಹಿಮ ಸ್ವಲ್ಪ ಕಮ್ಮಿ ಮಾಡಿ.”

“ಕಮ್ಮಿ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಅಲ್ಲಿ ಇದ್ದದ್ದೇ ಅದು.”

“ಈ ಕೆಂಪು ಗೆರೆ?”

“ವಾಪಸ್ ಬರದವರಿಗೆ.”

ಆಕೆ ಚಿತ್ರವನ್ನು ತಮ್ಮತ್ತ ಎಳೆದುಕೊಂಡರು.

“ಅದನ್ನು ದಪ್ಪ ಮಾಡಿ. ತೀರಾ ಸಪೂರ ಆಯ್ತು.”

“ಹಾಗಾದ್ರೆ ಹೊಲಿಲಿಕ್ಕೆ ಕೊಡುದಾ?”

“ಕೊಡಿ. ಆದ್ರೆ ಅದು ಮೊದಲೇ ಮೊಣಕಾಲಿನವರೆಗೆ ಇರುದು. ಮನೆಯಲ್ಲಿ ಲುಂಗಿ ಎತ್ತಿ ಕಟ್ಟಿದ ಹಾಗೆ ಅದನ್ನೂ ಎತ್ತಿದ್ರೆ ಮದುವೆ ಅಲ್ಲಿಗೇ ನಿಲ್ತದೆ.”

“ನನಗೆ ಅಷ್ಟೂ ಗೊತ್ತಾಗುದಿಲ್ವಾ? ಸುಬೇದಾರ ಆಗಿ ರಿಟೈರ್ ಆದವ ನಾನು. ಶಿಸ್ತು ಅಂದ್ರೆ ಶಿಸ್ತು.”

ಅವರ ಸ್ಟಾಪ್ ಬಂತು. ಸುಬೇದಾರರು ಎದ್ದು, ಎದೆ ಸೆಟೆಸಿಕೊಂಡು ಮೆಟ್ಟಿಲಿನ ಬಳಿ ಹೋದರು. ಮೊದಲ ಮೆಟ್ಟಿಲು ಇಳಿಯುವ ಮುನ್ನ ಅವರ ಎರಡೂ ಕೈಗಳು ತಾವಾಗಿಯೇ ಕೆಳಗೆ ಹೋಗಿ, ಹಾಕಿಕೊಂಡಿದ್ದ ಪ್ಯಾಂಟನ್ನೇ ಮೊಣಕಾಲಿನ ಹತ್ತಿರ ಹಿಡಿದು ಮೇಲಕ್ಕೆತ್ತಿದವು.

“ಅದೇ ಬಟ್ಟೆಯಲ್ಲಿ ಒಂದು ಚಡ್ಡಿಯೂ ಹೊಲಿಸಿ,” ಎಂದರು ಹಿಂದೆ ಇಳಿಯುತ್ತಿದ್ದ ಹೆಂಡತಿ.