ತಂಗಿ ಬಿಟ್ಟ ಮಲ್ಲಿಗೆ

ಕೊಟ್ಟೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕ ತಂಗಿಯರು ಕೂತಿದ್ದರು. ತಂಗಿಯ ಮಡಿಲಲ್ಲಿ ಬೈಬಲ್ ಇತ್ತು; ಕೈಗೆ ಬಳೆಯಿರಲಿಲ್ಲ. ಅಕ್ಕ ಮಲ್ಲಿಗೆಯ ಪೊಟ್ಟಣ ಬಿಚ್ಚಿದಳು.

“ಮುಡ್ಕೊಳ್ಳೇ, ಗಂಗಿ.”

“ಹೂವು ಬಿಟ್ಟು ಆರು ವರ್ಷಾತಲ್ಲ ಅಕ್ಕ.”

“ಯೇಸು ಬ್ಯಾಡ ಅಂದಾನೇನು?”

“ಅವ ಅಂದಿಲ್ಲ. ನಮ್ಮ ಸಭಿಯಾಗ ಯಾರೂ ಮುಡಿಯಂಗಿಲ್ಲ. ನಾನೂ ಅವನಿಗಂತ ಬಿಟ್ಟೀನಿ.”

“ಹೂವಂದ್ರ ಜೀವ ಬಿಡ್ತಿದ್ದೆಲ್ಲೇ!”

“ಅದಕ್ಕ ಬಿಟ್ಟಿದ್ದು. ಬ್ಯಾಡಾದ್ದು ಕೊಟ್ರ ಏನು ಕೊಟ್ಟಂಗಾತು?”

“ಈಗ ಆಸಿ ಹೋತೇನು?”

“ಎಲ್ಲಿ ಹೋಕ್ಕೈತಿ? ಹೂವು ಮಾರಾಕಿ ಮುಂದ ದಿನಾ ನಿಧಾನ ನಡೀತೀನಿ.”

ಅಕ್ಕ ಅಷ್ಟೂ ಹೂವನ್ನು ತಾನೇ ಮುಡಿದಳು.

“ಈ ವಯಸ್ಸಿನಾಗ ಯಾರಿಗೆ ತೋರ್ಸಾಕ?” ತಂಗಿ ನಕ್ಕಳು.

“ಬಾಯಿ ಮುಚ್ಕೊಂಡು ನನ್ನ ಹಿಂದಿನ ಸೀಟಿನ್ಯಾಗ ಕುಂದ್ರು. ಘಮ ಬಂದ್ರ ಅದು ನಿನ್ನ ತಪ್ಪಲ್ಲ.”

ಕೂಡ್ಲಿಗಿ ಬಸ್ ಬಂತು. ಅಕ್ಕ ಮೊದಲು ಹತ್ತಿದಳು.