ಹಿಂದಿನ ದನಿ

ಹೆಬ್ಬಾಳದ ಸ್ಟಾಪಿನಲ್ಲಿ ದಾಸರಹಳ್ಳಿ ಬಸ್ಸಿಗೆ ಕಾಯುತ್ತಿದ್ದ ರಂಜನಿಯ ಪಕ್ಕದಲ್ಲಿ ಇಬ್ಬರು ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ನಿಂತಿದ್ದರು. ಕೇಳುತ್ತಿದ್ದುದು ತಾವಿಬ್ಬರೇ ಮಾಡಿದ ರ‍್ಯಾಪ್ ಆಲ್ಬಮ್ಮು. ಫ್ಯಾಕ್ಟರಿ ಯೂನಿಫಾರಂ ತೊಟ್ಟವನು ಬಾಲರಾಜ, ಇನ್ನೊಬ್ಬ ಆಕರ್ಷ.

"ನಿನ್ ಸಾಲಿನ ಕೊನೇ ಪದ ಹಿಂದಿಂದ ನಾನ್ ಹೇಳ್ತೀನಲ್ಲ, ಈ ಏಳನೇ ಹಾಡಿಗೆ ಅದನ್ನ ಯಾವತ್ತು ರೆಕಾರ್ಡ್ ಮಾಡಿದ್ವಿ ಮಗಾ?" ಅಂದ ಬಾಲರಾಜ.

"ಅವತ್ತು ನೀನ್ ಬಂದಿರ್ಲಿಲ್ಲ."

"ಮತ್ತೆ ಇದು ನಾನೇ ಅಲ್ವಾ?"

"ಅಲ್ಲ, ಅದು ನಾನು. ಶಿಫ್ಟ್ ಮುಗಿಸ್ಕೊಂಡ್ ಬರ್ತೀನಿ ಅಂದಿದ್ದೆ ನೀನು. ಸ್ಟುಡಿಯೋ ಬಾಗ್ಲು ಹಾಕ್ತೀವಿ ಅನ್ನೋವರ್ಗೂ ಕಾದೆ. ಆಮೇಲೆ ಮೈಕಿಂದ ಎರಡ್ ಹೆಜ್ಜೆ ಹಿಂದೆ ನಿಂತು ನಿನ್ ಥರಾನೇ ಹೇಳ್ದೆ."

"ನಂಗೇ ಗೊತ್ತಾಗ್ಲಿಲ್ಲ ಕಣೋ."

"ಎಂಟು ವರ್ಷ ಪಕ್ಕದಲ್ಲೇ ನಿಂತು ಕೇಳಿದೀನಲ್ಲ."

ಬಾಲರಾಜ ಇಯರ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಬೇರೆ ಯಾವ್ಯಾವ ಹಾಡಲ್ಲಿ ಹಿಂಗೆ ಮಾಡಿದೀಯ?"

"ಮೂರನೇದು ಬಿಟ್ಟು ಎಲ್ಲಾದ್ರಲ್ಲೂ."

"ಭಾನುವಾರ ಬಂದು ಎಲ್ಲಾ ನಾನೇ ಹೇಳ್ಬಿಡ್ಲಾ?"

"ಬೇಡ ಬಿಡು. ಈ ಶುಕ್ರವಾರಾನೇ ರಿಲೀಸು. ನಿನ್ ಹೆಸ್ರೇ ಮೊದಲು ಹಾಕಿದೀನಿ."

ಬಸ್ಸು ಬಂತು. ಬಾಲರಾಜ ತನ್ನ ಕಿವಿಯಲ್ಲಿದ್ದ ಇಯರ್‌ಫೋನಿನ ತುದಿಯನ್ನು ಆಕರ್ಷನ ಅಂಗೈಯಲ್ಲಿಟ್ಟು, "ಫೋನ್ ಮಾಡ್ತೀನಿ ಮಗಾ" ಎಂದು ಹತ್ತಿದ. ಹಿಂದೆಯೇ ರಂಜನಿಯೂ ಹತ್ತಿ ಕಿಟಕಿಯ ಪಕ್ಕ ಕೂತಳು. ಕೆಳಗೆ ಆಕರ್ಷ ಎರಡನೆಯ ತುದಿಯನ್ನೂ ತನ್ನ ಕಿವಿಗೇ ಸಿಕ್ಕಿಸಿಕೊಂಡ. ಬಸ್ಸು ಹೊರಡುವವರೆಗೂ ಅವಳು ನೋಡುತ್ತಿದ್ದಳು. ತುಸು ಹೊತ್ತಿಗೊಮ್ಮೆ, ಒಂದೇ ಒಂದು ಪದಕ್ಕಾಗುವಷ್ಟು, ಅವನ ತುಟಿ ಅಲುಗುತ್ತಿತ್ತು.