ಹದಿನೇಳನೆಯ ಡಬ್ಬಿ

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ, ಹೇಳುತ್ತೇನೆ. ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನಮ್ಮ ಕಾಕಾನ ಮಗ ಮಾಲತೇಶನಿಗೇ ಆದದ್ದು, ಎರಡು ಸಾವಿರದ ಒಂಬತ್ತರಲ್ಲಿ.

ಅಂದು ಅವನು ನಮ್ಮೂರು ಅಮ್ಮಿನಬಾವಿಯಲ್ಲಿ ಬಸ್ಸು ಇಳಿದಾಗ ರಾತ್ರಿ ಒಂಬತ್ತೂವರೆ. ಕರೆಂಟು ಇರಲಿಲ್ಲ. ಜೊತೆಗೆ ನಮ್ಮ ಓಣಿಯ ಹನಮೇಶ. ಇಬ್ಬರೂ ಹಳೇ ಭಾವಿಯ ಹಾದಿ ಹಿಡಿದರು. ಮಾಲತೇಶನ ಬೆನ್ನಿಗೆ ಚೀಲ, ಚೀಲದಲ್ಲಿ ಆಫೀಸಿನ ಒಂದು ಕರೀ ಡಬ್ಬಿ, ಅದರ ಮೌಸು. ರಿಪೇರಿಗೆ ಅಂತ ಸುಳ್ಳು ಹೇಳಿ ತಂದಿದ್ದ. ಯಾಕೆ ಅನ್ನೋದು ಮೊದಲು ಕೇಳಿ.

ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವನದು. ಅಲ್ಲಿ ಟೇಬಲ್ ಮೇಲೆ ಕಂಪ್ಯೂಟರೇ ಇಲ್ಲ. ಪರದೆ, ಕೀಬೋರ್ಡು, ಮೌಸು, ಊಟದ ಡಬ್ಬಿಯಷ್ಟು ಒಂದು ನಂಬರಿನ ಡಬ್ಬಿ. ಉಳಿದದ್ದೆಲ್ಲ ಒಳಕೋಣೆಯ ಸರ್ವರ್‌ನಲ್ಲಿ. ಯಾವ ಡಬ್ಬಿಯ ಮುಂದೆ ಕುಳಿತು ಹೆಸರು ಹಾಕಿದರೂ ನಿಮ್ಮ ಫೈಲು, ನಿಮ್ಮ ಪರದೆಯ ಚಿತ್ರ, ಮೌಸು ಹಿಡಿಯುವ ರೂಢಿ ಸಹ ಅಲ್ಲಿಗೇ ಬರಬೇಕು. ಅದಕ್ಕೆ ಪ್ರೊಫೈಲ್ ಅಂತಾರೆ. ಅದನ್ನು ಕಾಯುವ ಸಾಫ್ಟ್‌ವೇರು ಎರಡು ಬಂದಿದ್ದವು. ಎರಡನ್ನೂ ಹದಿನೈದು ಹದಿನೈದು ದಿನ ಓಡಿಸಿ, ಯಾವುದು ಛಲೋ ಅಂತ ಮಾಲತೇಶ ಹೇಳಬೇಕು.

ಖಾಲಿ ಕೊಡ ಎತ್ತಿ ಹಗ್ಗದ ಗಟ್ಟಿತನ ನೋಡೋಕಾಗುತ್ತದೆಯೇ? ಪರೀಕ್ಷೆಗೆ ಭಾರದ ಪ್ರೊಫೈಲ್ ಬೇಕಿತ್ತು. ಎಲ್ಲರಿಗಿಂತ ಭಾರದ್ದು ಅಲ್ಲೇ ಕೆಲಸಕ್ಕಿದ್ದ ಗೋವಿಂದಪ್ಪನದು, ಆರು ವರ್ಷದ ರಾಶಿ. ಆದರೆ ಗೋವಿಂದಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. "ಸತ್ತವರ ಹೆಸರು ಅಳಸು" ಅಂತ ಆಫೀಸಿನ ಉಳವಪ್ಪ ಸಾಹೇಬರು ಹೇಳಿದ್ದರು. "ಅಳಸೇನ್ರಿ" ಅಂದಿದ್ದ ಇವನು. ಅಳಿಸಿರಲಿಲ್ಲ.

ಇನ್ನೊಂದು ಮೈಗಳ್ಳತನ ಯಾರಿಗೂ ಗೊತ್ತಿರಲಿಲ್ಲ. ಗೋವಿಂದಪ್ಪನ ಮಗಳು ಪೂನಮ್ ಅಪ್ಪನ ಜಾಗಕ್ಕೆ ಬಂದಾಗ, ಹೊಸ ಪ್ರೊಫೈಲ್ ಮಾಡುವ ಬದಲು ಅಪ್ಪನದನ್ನೇ ನಕಲು ಮಾಡಿ ಮೇಲೆ ಅವಳ ಹೆಸರು ಬರೆದಿದ್ದ. ಹುಡುಗಿಯ ಕೆಲಸ ಮಾತ್ರ ಬಲು ನಿಧಾನ. ಅವಳ ಮೇಲೆ ಸಾಹೇಬರ ಕಣ್ಣು ಕೆಂಪಗಾಗಿತ್ತು.

ಮೊದಲ ಸಾಫ್ಟ್‌ವೇರ್ ಓಡುತ್ತಿದ್ದಾಗಲೇ ಗಂಟು ಬಿತ್ತು. ದಿನಾ ರಾತ್ರಿ ಒಂಬತ್ತು ನಲವತ್ತಕ್ಕೆ ಗೋವಿಂದಪ್ಪನ ಪ್ರೊಫೈಲ್ ತೆರೆಯುತ್ತಿತ್ತು. ಹದಿನೇಳನೆಯ ಡಬ್ಬಿಯಿಂದ. ಅದು ಗೋವಿಂದಪ್ಪನ ಹಳೇ ಜಾಗ. ಈಗ ಅಲ್ಲಿ ರಾತ್ರಿ ಹತ್ತರ ತನಕ ಕೂಡುವವಳು ಪೂನಮ್.

ಸತ್ತವನ ಹೆಸರು ಯಾರೋ ತೆರೆಯುತ್ತಿದ್ದಾರೆ ಅಂತ ಸಾಹೇಬರಿಗೂ ಸುದ್ದಿ ಮುಟ್ಟಿತು. "ನೀ ಇಲ್ಲಾ ಆ ಹುಡುಗಿ. ನಾಳೆ ಹತ್ತಕ್ಕ ಹೆಸರು ಹೇಳು. ಒಬ್ಬರು ಮನೀಗೆ ಹೋಗ್ತೀರಿ" ಅಂದರು.

ಮಾಲತೇಶನಿಗೆ ಪೂನಮ್ ಮೇಲೇ ಸಂಶಯ. ಅಪ್ಪನ ಪಾಸ್‌ವರ್ಡ್ ಮಗಳಿಗೆ ಗೊತ್ತಿರದೇ ಇರುತ್ತದೆಯೇ? ಬಲೆ ಹಾಕಿದ. ಸಂಜೆ ಅವಳ ಹದಿನೇಳನೆಯ ಡಬ್ಬಿ, ಮೌಸು ಕಿತ್ತು ಚೀಲಕ್ಕೆ ತುರುಕಿದ. ಅದರ ವೈರು ಸುತ್ತಿ ತನ್ನ ಟೇಬಲಿನ ಖಾನೆಗೆ ಹಾಕಿ ಕೀಲಿ ಹಾಕಿದ, ವೈರಿಲ್ಲದೆ ಅದು ಚಾಲೂ ಆಗುವ ಹಾಗಿಲ್ಲ.

"ಇವತ್ತ ಮೂವತ್ತೊಂದನೇ ಡಬ್ಬಿ ಮ್ಯಾಲೆ ಕುಂದರವಾ" ಅಂದ.

"ಹೂಂನ್ರಿ ಸರ" ಅಂದಳು ಹುಡುಗಿ, ಮುಖ ಎತ್ತದೆ. ಮುಖ ಎತ್ತಲಿಲ್ಲ ಅಂತ ಅದಕ್ಕೂ ಇವನಿಗೆ ಸಂಶಯ. ರಾತ್ರಿ ಮೂವತ್ತೊಂದರಿಂದ ಗೋವಿಂದಪ್ಪನ ಹೆಸರು ತೆರೆಯಿತೋ, ಕಳ್ಳಿ ಸಿಕ್ಕಳು. ಇವನ ನೌಕರಿ ಉಳಿಯಿತು.

ಈಗ ಬನ್ನಿ ಭಾವಿಗೆ.

ಕತ್ತಲು… ಗಾಳಿಯಿಲ್ಲ. ಭಾವಿಯಲ್ಲಿ ನೀರು ಸೇದುವ ಗಡಗಡಿ ಕಿರ್ರ್ ಅಂತು. ಮತ್ತೆ ಸುಮ್ಮನಾಯಿತು. ಆಮೇಲೆ…

ಟಿಕ್.

ಟಿಕ್… ಟಿಕ್‌ಟಿಕ್.

ಹನಮೇಶ ಇವನ ತೋಳು ಹಿಡಿದ. "ಮಾಲತೇಶಾ… ಸಪ್ಪಳ ಕೇಳತೇನು?"

"ಗಡಗಡೀದು. ನಡಿ."

"ಅಲ್ಲೋ… ನಿನ್ನ ಚೀಲದಾಗ."

ಮಾಲತೇಶ ಚೀಲ ಬಿಚ್ಚಲಿಲ್ಲ. ಬಿಚ್ಚುವ ಧೈರ್ಯವೇ ಆಗಲಿಲ್ಲ. ಮೊಬೈಲ್ ತೆಗೆದು ನೋಡಿದ. ಒಂಬತ್ತು ನಲವತ್ತು. ಬೆನ್ನಿಗೆ ಅಂಟಿದಂತೆ ಟಿಕ್, ಟಿಕ್… ಮನೆಯ ಹೊಸ್ತಿಲ ತನಕ ಬಂತು. ಆಮೇಲೆ ನಿಂತಿತು. ರಾತ್ರಿಯೆಲ್ಲ ಚೀಲ ಕಟ್ಟೆಯ ಮೇಲೇ ಇತ್ತು.

ಮುಂಜಾನೆ ಆಫೀಸಿಗೆ ಹೋದವನೇ ಸರ್ವರ್ ಮುಂದೆ ಕೂತು, ರಾತ್ರಿ ಯಾವ ಹೆಸರು ತೆರೆಯಿತು ಅಂತ ನೋಡಿದ. ಗೋವಿಂದಪ್ಪ. ಒಂಬತ್ತು ನಲವತ್ತು. ಡಬ್ಬಿ ಹದಿನೇಳು.

ಪೂನಮ್ ಮೂವತ್ತೊಂದರಲ್ಲಿ ತನ್ನದೇ ಹೆಸರಿನಲ್ಲಿ ಹತ್ತರ ತನಕ ಕೆಲಸ ಮಾಡಿದ್ದಳು, ಒಂದು ನಿಮಿಷವೂ ಬಿಡದೆ.

ಹತ್ತಕ್ಕೆ ಸಾಹೇಬರು ಕರೆದರು. "ಯಾರಪಾ? ಆ ಹುಡುಗೀನ ಹೌದಲ್ಲೋ?"

ಹೂಂ ಅಂದಿದ್ದರೆ ಮುಗಿದಿತ್ತು. ಹೂಂ ಅನ್ನಬೇಕು ಅಂತಲೇ ಅವನು ಒಳಗೆ ಹೋದದ್ದು, ಸುಳ್ಳು ಯಾಕೆ ಹೇಳಲಿ. ಬೆನ್ನಿನ ಮೇಲೆ ಇನ್ನೂ ಆ ಡಬ್ಬಿ ಇದ್ದ ಹಾಗೇ ಅನ್ನಿಸಿತು.

"ಅಲ್ರಿ ಸರ. ತಪ್ಪು ನಂದು. ಅಳಸೇನಿ ಅಂತ ಹೇಳಿ ನಾನ ಇಟಗೊಂಡಿದ್ದೆ. ಆಕಿದೇನೂ ಇಲ್ರಿ. ನನ್ನ ಕಳಸೂದಿದ್ರ ಕಳಸ್ರಿ."

ಸಾಹೇಬರು ಬೈದರು. ಹೊರಗಿನ ಚಹಾದವನಿಗೂ ಕೇಳುವಷ್ಟು ಬೈದರು. ಕೊನೆಗೆ, "ಇವತ್ತ ಅಳಸು. ಹೋಗು" ಅಂದರು. ನೌಕರಿ ಇಬ್ಬರದೂ ಉಳಿಯಿತು.

ಮಧ್ಯಾಹ್ನ ಎರಡಕ್ಕೆ ಪೂನಮ್ ಬಂದಳು. ಮೊದಲ ಸಲ ನಕ್ಕಳು.

"ಥ್ಯಾಂಕ್ಸ್ ರೀ ಸರ."

"ಯಾಕವಾ?"

"ನನ್ನ ಮೌಸ್ ಸರಿ ಮಾಡಿದ್ರಲ್ರಿ. ಬಂದಾಗಿಂದ ಅದರ ಗುಂಡಿ ಉಲ್ಟಾ ಇತ್ರಿ. ಹೊಸಾಕಿ ನಾನು, ಹೆಂಗ ಕೇಳೂದು ಅಂತ ಸುಮ್ನಿದ್ದೆ. ನಿನ್ನಿ ರಾತ್ರಿ ಒಮ್ಮೆಲೆ ಸರಳ ಆತು."

ಗೋವಿಂದಪ್ಪ ಎಡಚ. ಮೌಸಿನ ಗುಂಡಿಗಳನ್ನು ಎಡಗೈಗೆ ಅದಲುಬದಲು ಮಾಡಿಕೊಂಡಿದ್ದ. ಅಪ್ಪನ ಪ್ರೊಫೈಲ್ ನಕಲು ಮಾಡಿದಾಗ ಆ ರೂಢಿಯೂ ಮಗಳ ಕೊರಳಿಗೆ ಬಿದ್ದಿತ್ತು. ಹುಡುಗಿ ನಿಧಾನ ಆಗಿದ್ದು ಅದಕ್ಕೆ. ಅದನ್ನು ಮಾಲತೇಶ ಸರಿಮಾಡಿರಲಿಲ್ಲ. ಇವನಿಗೆ ಗೊತ್ತೇ ಇರಲಿಲ್ಲ.

ಮೊದಲ ಸಾಫ್ಟ್‌ವೇರ್ ಪ್ರೊಫೈಲಿನ ಗಂಟುಮೂಟೆ ಪೂರಾ ನಕಲು ಮಾಡಿಡುತ್ತಿತ್ತು, ಒಳಗೆ ಏನು ಬದಲಾಯಿತು ಅಂತ ಹೇಳುತ್ತಿರಲಿಲ್ಲ. ಎರಡನೆಯದು ಬದಲಾದದ್ದನ್ನಷ್ಟೇ ಬರೆದಿಡುತ್ತಿತ್ತು, ಯಾರು ಬದಲಿಸಿದರು ಅಂತ ಹೆಸರು ಸಮೇತ. ಅದನ್ನು ಓಡಿಸಲು ಶುರು ಮಾಡಿದ್ದೇ ಹಿಂದಿನ ದಿನ. ಮಾಲತೇಶ ಆ ಪಟ್ಟಿ ತೆರೆದ. ಒಂಬತ್ತು ನಲವತ್ತಾರಕ್ಕೆ ಒಂದೇ ಸಾಲು ಇತ್ತು. ಪೂನಮ್ ಪ್ರೊಫೈಲ್, ಮೌಸು, ಎಡಗೈ ತೆಗೆದು ಬಲಗೈ. ಬದಲಿಸಿದವರು, ಗೋವಿಂದಪ್ಪ.

ಸಾಹೇಬರು ಹೇಳಿದಂತೆ ಆ ಹೆಸರನ್ನು ಅಂದೇ ಅಳಿಸಿದ, ಅದು ಮತ್ತೆ ತೆರೆಯಲೂ ಇಲ್ಲ. ಎರಡನೆಯ ಸಾಫ್ಟ್‌ವೇರೇ ಛಲೋ ಅಂತ ಮಾಲತೇಶ ಬರೆದುಕೊಟ್ಟ, ಕಾರಣ ಬರೆಯಲಿಲ್ಲ.

ನೀವು ನಕ್ಕರೆ ನಗಿ. ಹನಮೇಶ ಇನ್ನೂ ಇದ್ದಾನೆ, ಕೇಳಿಕೊಳ್ಳಿ. ಖರೇನೇ ನಡೆದದ್ದು. ಆ ಡಬ್ಬಿಯ ವೈರು ಮಾತ್ರ, ಕೀಲಿ ತೆಗೆದು ನೋಡಿದಾಗ, ಖಾನೆಯಲ್ಲಿ ಸುತ್ತಿಟ್ಟ ಹಾಗೇ ಇತ್ತು.